ಕಂಡದ್ದನ್ನು ಬರೆಯಿರಿ: ನಿವೃತ್ತ ಡಿವೈಎಸ್‌ಪಿ ಅವರ ಉತ್ತರಗಳು

ಪಿಎಸ್‌ಐ ಆಗಿ ಇಲಾಖೆ ಸೇರಿ ಡಿವೈಎಸ್‌ಪಿ ಆಗಿ ನಿವೃತ್ತರಾದ ನಮ್ಮ ಅಂಕಣಕಾರರು ಈಗ ಕಾನೂನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು. ಪೊಲೀಸ್ ಪ್ರಶಿಕ್ಷಣಾರ್ಥಿಗಳಿಗೂ ತನಿಖೆಯ ಪಾಠ ಹೇಳುತ್ತಾರೆ. ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಅವರು ಇಲ್ಲಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು, ಊರು ಕೊಟ್ಟಿಲ್ಲ.

ತವರಿಗೆ ಬಸ್ಸಿನಲ್ಲಿ ಹೋಗುವಾಗ ಬ್ಯಾಗಿನಲ್ಲಿದ್ದ ಮಾಂಗಲ್ಯ ಸರ ಕಳುವಾಯಿತು. ಇಳಿದ ಊರಿನ ಠಾಣೆಯಲ್ಲಿ "ನಮ್ಮ ಲಿಮಿಟ್ಸ್ ಅಲ್ಲ, ಹತ್ತಿದ ಕಡೆ ಹೋಗಿ" ಅಂದರು. ಹತ್ತಿದ ಊರಿನಲ್ಲಿ ಅರ್ಜಿ ತೆಗೆದುಕೊಂಡು ಸೀಲ್ ಹಾಕಿ ಕೊಟ್ಟರು. ಅದೇ ಎಫ್‌ಐಆರ್ ಅಲ್ಲವೇ? (ಗೃಹಿಣಿ)

ಅಲ್ಲ ತಾಯಿ. ಸೀಲ್ ಬಿದ್ದದ್ದು ನಿಮ್ಮ ಅರ್ಜಿ ತಲುಪಿತು ಅನ್ನುವುದಕ್ಕೆ ಮಾತ್ರ. ಎಫ್‌ಐಆರ್ ಆಗಿದ್ದರೆ ಅದಕ್ಕೊಂದು ಅಪರಾಧ ಸಂಖ್ಯೆ ಇರುತ್ತದೆ, ಕಲಂ ನಮೂದಾಗಿರುತ್ತದೆ, ಅದರ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಲೇಬೇಕು.

ಲಿಮಿಟ್ಸ್ ವಿಷಯದಲ್ಲಿ ಇಳಿದ ಊರಿನ ಠಾಣೆಯವರು ಹೇಳಿದ್ದು ತಪ್ಪು. ಪ್ರಯಾಣದಲ್ಲಿ ನಡೆದ ಅಪರಾಧವನ್ನು ಆ ಪ್ರಯಾಣ ಹಾದುಹೋದ ಯಾವ ಸರಹದ್ದಿನಲ್ಲಾದರೂ ವಿಚಾರಣೆ ಮಾಡಬಹುದು ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇತ್ತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 203 ಕೂಡ ಅದನ್ನೇ ಹೇಳುತ್ತದೆ. ಸಾಲದ್ದಕ್ಕೆ 2024ರ ಜುಲೈ 1ರಿಂದ ಜಾರಿಗೆ ಬಂದ ಈ ಸಂಹಿತೆಯ ಕಲಂ 173, ಕೃತ್ಯ ಎಲ್ಲೇ ನಡೆದಿರಲಿ, ನೀವು ಹೋದ ಠಾಣೆಯವರೇ ದೂರು ದಾಖಲಿಸಬೇಕು ಎನ್ನುತ್ತದೆ. ಅದೇ ಝೀರೊ ಎಫ್‌ಐಆರ್. ಸಂಬಂಧಪಟ್ಟ ಠಾಣೆಗೆ ಕಳಿಸಿಕೊಡುವುದು ಅವರ ಕೆಲಸ, ಅಲ್ಲಿಂದಿಲ್ಲಿಗೆ ಅಲೆಯುವುದು ನಿಮ್ಮ ಕೆಲಸವಲ್ಲ. ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ಅಂತ ದೂರಿನಿಂದಲೇ ತಿಳಿಯುವಾಗ ಎಫ್‌ಐಆರ್ ಕಡ್ಡಾಯ ಎಂದು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ.

ಈಗ ಹೀಗೆ ಮಾಡಿ. ದೂರನ್ನು ಹೊಸದಾಗಿ ಬರೆದು ಜಿಲ್ಲಾ ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ. ಅಲ್ಲೂ ಆಗದಿದ್ದರೆ ಅದೇ ರಸೀದಿ ಮತ್ತು ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ದೂರಿನಲ್ಲಿ ಬಸ್ಸಿನ ಟಿಕೆಟ್ಟಿನಲ್ಲಿರುವ ವಿವರ ಪೂರ್ತಿ ಬರೆಯಿರಿ, ಟಿಕೆಟ್ ಬಿಸಾಡಬೇಡಿ. ಸರ ಬ್ಯಾಗಿನಲ್ಲಿರುವುದನ್ನು ಕೊನೆಯ ಸಲ ನೋಡಿದ್ದು ಎಲ್ಲಿ, ಇಲ್ಲ ಅಂತ ಗೊತ್ತಾದದ್ದು ಎಲ್ಲಿ, ಪಕ್ಕದಲ್ಲಿ ಕೂತವರು ಯಾವ ನಿಲ್ದಾಣದಲ್ಲಿ ಇಳಿದರು, ಸರದ ತೂಕ ಎಷ್ಟು, ಅದನ್ನು ಹಾಕಿಕೊಂಡ ಫೋಟೊ ಇದೆಯೇ, ಅಂಗಡಿಯ ಬಿಲ್ ಇದೆಯೇ, ಇಷ್ಟು ಬೇಕು. ಯಾರ ಮೇಲೂ ಅನುಮಾನ ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಿರಿ. ಯಾರೋ ಹೇಳಿಕೊಟ್ಟರು ಅಂತ ಒಂದು ಹೆಸರು ಸೇರಿಸಿದರೆ ಮುಂದೆ ಇಡೀ ಕೇಸು ಆ ಹೆಸರಿನ ಹಿಂದೆ ಹೋಗುತ್ತದೆ.

ನಿವೃತ್ತಿಯಾದ ಮೇಲೆ ನಿಮ್ಮಂಥವರು ಸೆಕ್ಯುರಿಟಿ ಏಜೆನ್ಸಿ, ರಾಜಕೀಯ ಅಂತ ಹೋಗುತ್ತಾರೆ. ನೀವು ಪಾಠ ಹೇಳುವ ದಾರಿ ಹಿಡಿದದ್ದೇಕೆ? (ಕಾಲೇಜು ಉಪನ್ಯಾಸಕರು)

ಕೋರ್ಟಿನ ಕಟಕಟೆಯೇ ಕಾರಣ. ತನಿಖಾಧಿಕಾರಿ ಅಲ್ಲಿ ನಿಂತು ಪಾಟಿ ಸವಾಲು ಎದುರಿಸುವಾಗ, ಠಾಣೆಯಲ್ಲಿ ಅವಸರದಲ್ಲಿ ಬರೆದ ಪ್ರತಿ ಸಾಲೂ ಅವನ ಎದುರಿಗೆ ಬಂದು ನಿಲ್ಲುತ್ತದೆ.

ಒಂದು ಪ್ರಕರಣ ಹೇಳುತ್ತೇನೆ. ಹಳ್ಳಿಯೊಂದರಲ್ಲಿ ರಾತ್ರಿ ಮನೆಗೆ ನುಗ್ಗಿ ದರೋಡೆಯಾಗಿತ್ತು. ನಾನು ಆ ಸರ್ಕಲ್‌ಗೆ ವರ್ಗವಾಗಿ ಬರುವ ಹೊತ್ತಿಗೆ ಸ್ಥಳ ಮಹಜರು, ಹೇಳಿಕೆ ಎಲ್ಲ ಮುಗಿದು ಚಾರ್ಜ್‌ಶೀಟ್ ಕೂಡ ಹೋಗಿತ್ತು. ಮನೆಯ ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಕೋರ್ಟಿನಲ್ಲಿ ಆರೋಪಿಯನ್ನು ತೋರಿಸಿ, ಇವನೇ ಸ್ವಾಮಿ ಅಂದರು. ಒಂದಿಷ್ಟೂ ತಡವರಿಸಲಿಲ್ಲ. ಆರೋಪಿಯ ಪರ ವಕೀಲರು ಬಹಳ ಪ್ರಶ್ನೆ ಕೇಳಲೇ ಇಲ್ಲ. ಮಹಜರನ್ನು ಕೈಯಲ್ಲಿ ಹಿಡಿದು, "ಆ ಕೋಣೆಯಲ್ಲಿ ಬಲ್ಬು ಇತ್ತು ಅಂತ ಇದರಲ್ಲಿ ಎಲ್ಲಿದೆ?" ಅಂದರು. ಎಲ್ಲೂ ಇರಲಿಲ್ಲ. ಗೋಡೆಯ ಎತ್ತರ, ಬಾಗಿಲಿನ ಅಗಲ, ನಾಲ್ಕೂ ದಿಕ್ಕಿನ ಚಕ್ಕುಬಂದಿ ಎಲ್ಲ ಇತ್ತು. ಬೆಳಕಿನ ಸುದ್ದಿ ಮಾತ್ರ ಇಲ್ಲ. ನಡುರಾತ್ರಿ, ಕತ್ತಲೆ, ವಯಸ್ಸಾದ ಕಣ್ಣು. ಸಂಶಯದ ಲಾಭ ಆರೋಪಿಗೆ ಹೋಯಿತು.

ತೀರ್ಪಿನ ನಂತರ ಆ ಹಿರಿಯರು ಕೋರ್ಟಿನ ವರಾಂಡದಲ್ಲಿ ನನ್ನನ್ನು ತಡೆದು, "ಸಾಹೇಬ್ರೇ, ಹಂಗಾರೆ ನಾನು ಸುಳ್ಳು ಹೇಳಿದೆ ಅಂತಾನೇ ಆಯ್ತಾ?" ಎಂದು ಕೇಳಿದರು. ಹಣ, ಒಡವೆಯ ಮಾತೇ ಎತ್ತಲಿಲ್ಲ. ತಾನು ಸುಳ್ಳುಗಾರ ಆದೆನೇ ಅನ್ನುವುದೊಂದೇ ಅವರ ಸಂಕಟ. ಆ ಮನೆಯಲ್ಲಿ ಬಲ್ಬು ಉರಿಯುತ್ತಿತ್ತು, ಅದನ್ನು ಮಹಜರಿಗೆ ಸೇರಿಸಲು ಅರ್ಧ ಸಾಲು ಸಾಕಿತ್ತು. ಆ ಅರ್ಧ ಸಾಲು ಬರೆಯುವವರನ್ನು ತಯಾರು ಮಾಡಬೇಕು ಅನ್ನಿಸಿತು. ಸೇವೆಯಲ್ಲಿದ್ದಾಗಲೇ ಬಿಡುವಾದಾಗ ಪ್ರಶಿಕ್ಷಣಾರ್ಥಿಗಳಿಗೆ ಪಾಠ ಹೇಳಲು ಶುರುಮಾಡಿದೆ. ನಿವೃತ್ತಿಯ ನಂತರ ಅದೇ ಪೂರ್ಣಾವಧಿ ಕೆಲಸವಾಯಿತು.

ನಿಮ್ಮ ತರಗತಿಯಲ್ಲಿ ಸೆಕ್ಷನ್‌ಗಳಿಗಿಂತ ಮಹಜರು ಬರೆಸುವುದೇ ಹೆಚ್ಚು ಎಂದು ಸೀನಿಯರ್‌ಗಳು ಹೇಳಿದರು. ಹೇಗೆ ನಡೆಯುತ್ತದೆ? (ಎಲ್‌ಎಲ್‌ಬಿ ವಿದ್ಯಾರ್ಥಿ)

ಸೆಕ್ಷನ್ ಪುಸ್ತಕದಲ್ಲಿದೆ, ಬೇಕಾದಾಗ ತೆಗೆದು ನೋಡಬಹುದು. ಸ್ಥಳ ಮತ್ತೆ ಸಿಗುವುದಿಲ್ಲ.

ಕಾಲೇಜಿನ ಒಂದು ಖಾಲಿ ಕೋಣೆಯಲ್ಲಿ ಸಾಮಾನು ಜೋಡಿಸುತ್ತೇನೆ. ಮಗುಚಿದ ಕುರ್ಚಿ, ಅರ್ಧ ತೆರೆದ ಕಿಟಕಿ, ನೆಲದ ಮೇಲೆ ಕೆಂಪು ಬಣ್ಣದ ಕಲೆ, ಒಂದು ಕಾಲಿನ ಚಪ್ಪಲಿ, ನಿಂತುಹೋದ ಗೋಡೆ ಗಡಿಯಾರ. ನಾಲ್ಕು ಜನರ ಗುಂಪು ಮಾಡಿ, ಒಬ್ಬ ತನಿಖಾಧಿಕಾರಿ, ಇಬ್ಬರು ಪಂಚರು (ಸ್ಥಳದಲ್ಲಿದ್ದು ಮಹಜರಿಗೆ ಸಹಿ ಹಾಕುವ ಸಾಕ್ಷಿಗಳು), ಒಬ್ಬ ಬರೆಯುವವನು ಅಂತ ಹಂಚುತ್ತೇನೆ. ಮೊದಲ ಸಲ ಬರೆದ ಹೆಚ್ಚಿನ ಮಹಜರುಗಳಲ್ಲಿ "ರಕ್ತದ ಕಲೆ ಬಿದ್ದಿದೆ" ಎಂದಿರುತ್ತದೆ. ರಕ್ತ ಅಂತ ಹೇಳಬೇಕಾದವರು ವಿಧಿವಿಜ್ಞಾನ ಪ್ರಯೋಗಾಲಯದವರು. ನೀವು ಕಂಡದ್ದು ರಕ್ತದಂತೆ ತೋರುವ ಕಲೆ, ಬಾಗಿಲ ಹೊಸ್ತಿಲಿನಿಂದ ಇಷ್ಟು ಅಡಿ ದೂರದಲ್ಲಿ, ಇಷ್ಟು ಅಗಲ, ಅಂಚು ಒಣಗಿದೆ, ನಡುವೆ ಹಸಿ ಇದೆ. ಅಷ್ಟೇ ಬರೆಯಬೇಕು. ಚಪ್ಪಲಿ ಎಡಗಾಲಿನದೋ ಬಲಗಾಲಿನದೋ, ಕಿಟಕಿಯ ಚಿಲಕ ಒಳಗಿನಿಂದ ಹಾಕುವಂಥದೋ, ಬಲ್ಬಿನ ಸ್ವಿಚ್ ಯಾವ ಕಡೆ ಇದೆ, ಒತ್ತಿದರೆ ಉರಿಯುತ್ತದೆಯೇ ಅಂತ ನೋಡಿದವರು ಯಾರು ಎಂದು ಒಬ್ಬೊಬ್ಬರನ್ನೂ ಕೇಳುತ್ತೇನೆ. ಅಳತೆ ತೆಗೆಯುವಾಗ ಕದಲದ ವಸ್ತುವಿನಿಂದ ತೆಗೆಯಬೇಕು. ಕುರ್ಚಿಯಿಂದ ಅಳೆದರೆ ನಾಳೆ ಕುರ್ಚಿಯೇ ಅಲ್ಲಿರುವುದಿಲ್ಲ.

ಆಮೇಲೆ ಜಪ್ತಿ. ರಕ್ತ ತಾಗಿದ ಬಟ್ಟೆಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಕವರಿಗೆ ತುಂಬಿ ಸೀಲ್ ಮಾಡುವ ರೂಢಿ ಇನ್ನೂ ಕೆಲವು ಕಡೆ ಇದೆ. ತೇವ ಒಳಗೇ ಉಳಿದು ಕೊಳೆಯುತ್ತದೆ, ಡಿಎನ್‌ಎ ಕೆಡುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಚೀಲದಲ್ಲಿ ಹಾಕಬೇಕು. ಒಂದೊಂದು ಬಟ್ಟೆಗೂ ಬೇರೆ ಬೇರೆ ಚೀಲ.

ಕಡೆಯ ದಿನ ಅದೇ ಮಹಜರಿನ ಮೇಲೆ ಇನ್ನೊಂದು ಗುಂಪಿನಿಂದ ಪಾಟಿ ಸವಾಲು ಮಾಡಿಸುತ್ತೇನೆ. ಕಲಿಕೆ ನಿಜವಾಗಿ ಆಗುವುದು ಅವತ್ತು. ಆ ದಿನ ತರಗತಿ ತಪ್ಪಿಸಬೇಡಿ.

ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ ಅಂತ ಟಿವಿಯಲ್ಲಿ ದಿನವಿಡೀ ತೋರಿಸಿದರು. ಕೆಲವು ವರ್ಷಗಳ ನಂತರ ಬಿಡುಗಡೆಯಾದ. ಒಪ್ಪಿಕೊಂಡವನನ್ನು ಬಿಡುವುದು ಎಂಥ ನ್ಯಾಯ? (ನಿವೃತ್ತ ಶಿಕ್ಷಕರು)

ಮೇಷ್ಟ್ರೇ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವ ಹಾಗಿಲ್ಲ. 1872ರ ಸಾಕ್ಷ್ಯ ಅಧಿನಿಯಮದಲ್ಲೂ ಹಾಗೆಯೇ ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23ರಲ್ಲೂ ಹಾಗೆಯೇ ಇದೆ. ಬ್ರಿಟಿಷರ ಕಾಲದಲ್ಲೇ ಠಾಣೆಯೊಳಗಿನ ಒತ್ತಾಯದ ಭಯಕ್ಕೆ ಈ ಬೇಲಿ ಹಾಕಿದರು. ನಾನು ಇಲಾಖೆಯವನೇ ಆದರೂ ಈ ಬೇಲಿ ಇರಬೇಕು ಎಂದೇ ಹೇಳುತ್ತೇನೆ.

ಅದರಲ್ಲಿ ಒಂದು ಸಣ್ಣ ಕಿಂಡಿ ಇದೆ. ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಪಟ್ಟ ಮಾತಿನಷ್ಟು ಭಾಗ ಮಾತ್ರ ಸಾಕ್ಷ್ಯವಾಗುತ್ತದೆ. "ಮಚ್ಚನ್ನು ಹಾಳು ಬಾವಿಯಲ್ಲಿ ಹಾಕಿದ್ದೇನೆ, ತೋರಿಸುತ್ತೇನೆ" ಎಂಬುದು ಬರುತ್ತದೆ. "ಅದರಿಂದಲೇ ಕೊಂದೆ" ಎಂಬುದು ಬರುವುದಿಲ್ಲ. ಆರೋಪಿ ಸ್ವಇಚ್ಛೆಯಿಂದ ಒಪ್ಪಿಕೊಳ್ಳುವುದೇ ಆದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಅವರು ಮೊದಲೇ ಎಚ್ಚರಿಕೆ ಕೊಟ್ಟು, ಇದು ನಿನ್ನ ವಿರುದ್ಧವೇ ಬಳಕೆಯಾಗಬಹುದು ಎಂದು ತಿಳಿಸಿ, ಆಮೇಲೆ ದಾಖಲಿಸುತ್ತಾರೆ. ಟಿವಿಯ ಸುದ್ದಿ ಕೋರ್ಟಿನ ಕಡತಕ್ಕೆ ಸೇರುವುದಿಲ್ಲ.

ಏನೇ ಹೇಳಿ ಸರ್, ಒದೆ ಬೀಳದೆ ಕಳ್ಳ ಬಾಯಿ ಬಿಡ್ತಾನಾ? (ವ್ಯಾಪಾರಿ)

ಒದೆ ಬಿದ್ದರೆ ಬಾಯಿ ಬಿಡುತ್ತಾನೆ ನಿಜ. ಆದರೆ ಹೇಳುವುದು ಒದೆಯುವವನಿಗೆ ಬೇಕಾದದ್ದನ್ನು. ತಪ್ಪು ಮನುಷ್ಯ ಒಪ್ಪಿಕೊಂಡರೆ ನಿಮ್ಮ ಅಂಗಡಿಯ ಬೀಗ ಒಡೆದವನು ಹೊರಗೇ ಇರುತ್ತಾನೆ, ನಾಳೆ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಬಂಧಿತರ ವಿಷಯದಲ್ಲಿ ಪಾಲಿಸಬೇಕಾದ 11 ನಿರ್ದೇಶನಗಳನ್ನು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಕೊಟ್ಟಿದೆ. 2010ರಲ್ಲಿ, ನಮ್ಮ ರಾಜ್ಯದ ಹೆಸರೇ ಇರುವ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಕೂಡ ಮಾಡಬಾರದು ಎಂದಿತು. 2020ರಲ್ಲಿ ಪ್ರತಿ ಠಾಣೆಗೂ ಸಿಸಿಟಿವಿ ಕ್ಯಾಮೆರಾ ಹಾಕಬೇಕೆಂದು ಆದೇಶಿಸಿತು. ಕೋರ್ಟು ಹೇಳಿದೆ ಅನ್ನುವುದು ಒಂದು ಕಾರಣ. ಕೈಗೆ ಸಿಕ್ಕ ಮನುಷ್ಯನಿಗೆ ಹೊಡೆಯುವುದು ಹೇಡಿತನ ಅನ್ನುವುದು ನನ್ನ ಕಾರಣ. ಪ್ರಶಿಕ್ಷಣಾರ್ಥಿಗಳ ಎದುರು ಎರಡನ್ನೂ ಹೇಳುತ್ತೇನೆ.

ಕೆಲಸಕ್ಕೆ ಬರುವುದು ಬೇರೆ. ಅವನ ಇಡೀ ದಿನದ ಓಡಾಟವನ್ನು ಬೆಳಗಿನಿಂದ ಹೇಳಿಸಿ, ನಡುವೆ ಬಾಯಿ ಹಾಕಬೇಡಿ. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ರಾತ್ರಿಯಿಂದ ಹಿಂದಕ್ಕೆ ಹೇಳಿಸಿ. ಕಟ್ಟಿದ ಕತೆ ಹಿಂದಕ್ಕೆ ನಡೆಯುವುದು ಕಷ್ಟ. ಅವನು ಹೇಳಿದ ಹೋಟೆಲಿನ ಕ್ಯಾಮೆರಾ, ಮೊಬೈಲ್ ಟವರ್, ಗಿರವಿ ಅಂಗಡಿಯ ಪುಸ್ತಕ ಒಂದೊಂದಾಗಿ ತಾಳೆ ನೋಡಿ. ಇದಕ್ಕೆ ತಾಳ್ಮೆ ಬೇಕು, ಜನ ಬೇಕು. ಜನ ಕಡಿಮೆ ಇರುವ ಠಾಣೆಯಲ್ಲಿ ಲಾಠಿ ಹತ್ತಿರದ ದಾರಿ ಅನ್ನಿಸುತ್ತದೆ. ಹಾಗಾಗಿ ಠಾಣೆಗೆ ಸಿಬ್ಬಂದಿ ಕೊಡಿ ಎಂದು ಸರ್ಕಾರವನ್ನು ಕೇಳುವುದೂ ನಿಮ್ಮಂಥವರ ಕೆಲಸ.

ನಾನು ಠಾಣೆಯಲ್ಲಿ ರೈಟರ್. ಹಳೆ ಕೇಸಿನ ಹೇಳಿಕೆಯನ್ನೇ ಕಾಪಿ ಮಾಡಿ ಹೆಸರು ಬದಲಿಸು ಅಂತಾರೆ. ಬಂದೋಬಸ್ತು, ಸಮನ್ಸು, ವರದಿ ಎಲ್ಲದರ ನಡುವೆ ಬೇರೆ ದಾರಿಯೂ ಕಾಣಲ್ಲ. ಏನು ಮಾಡಲಿ? (ಹೆಡ್ ಕಾನ್‌ಸ್ಟೆಬಲ್)

ತಮ್ಮಾ, ನಿನ್ನ ಮೇಜಿನ ಮೇಲಿನ ಹೊರೆ ನನಗೆ ಗೊತ್ತು. ಠಾಣೆ ನಡೆಯುವುದೇ ರೈಟರ್ ಕೈಯಲ್ಲಿ. ಆದರೂ ಆ ಕೆಲಸ ಮಾಡಬೇಡ.

ಓದಲು ಬಾರದ ಒಬ್ಬ ಅಜ್ಜಿಯ ಹೇಳಿಕೆಯಲ್ಲಿ "ಸದರಿ ಆಸಾಮಿಯು ಏಕಾಏಕಿ ಬಂದು ಅವಾಚ್ಯ ಶಬ್ದಗಳಿಂದ ಬೈದು" ಎಂದು ಬರೆದರೆ, ಕೋರ್ಟಿನಲ್ಲಿ ಆ ಅಜ್ಜಿ ತನ್ನದಲ್ಲದ ಮಾತಿಗೆ ಉತ್ತರ ಕೊಡಬೇಕಾಗುತ್ತದೆ. ವಕೀಲರು "ಹೀಗೆ ಹೇಳಿದ್ದೀರಾ?" ಎಂದರೆ "ಇಲ್ಲಪ್ಪ" ಅನ್ನುತ್ತಾಳೆ. ಅವಳು ಹೇಳುವುದು ಸತ್ಯ. ಅಲ್ಲಿಗೆ ಕೇಸು ಸಡಿಲವಾಯಿತು. ಐದು ಸಾಕ್ಷಿಗಳು ಅಕ್ಷರ ಬಿಡದೆ ಒಂದೇ ಮಾತು ಹೇಳಿದ್ದಾರೆ ಎಂದರೆ ನ್ಯಾಯಾಧೀಶರಿಗೆ ಅನುಮಾನ ಬರದೆ ಇರುತ್ತದೆಯೇ?

ಪ್ರತಿಯೊಬ್ಬರ ಹೇಳಿಕೆಯನ್ನೂ ಪ್ರತ್ಯೇಕವಾಗಿ, ನಿಜವಾಗಿ ದಾಖಲಿಸಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 180, ಅಂದರೆ ನಮ್ಮ ಹಳೆಯ 161, ಹೇಳುತ್ತದೆ. ಧ್ವನಿ-ದೃಶ್ಯ ಮುದ್ರಣಕ್ಕೂ ಅವಕಾಶ ಕೊಟ್ಟಿದೆ. ಮೇಲಿನವರಿಗೆ ಎದುರಾಡುವುದು ಕಷ್ಟ ಅನ್ನಿಸಿದರೆ, "ಸರ್, ಪಾಟಿ ಸವಾಲಿನಲ್ಲಿ ಇದು ನಿಮ್ಮ ಮೇಲೇ ಬರುತ್ತೆ" ಎಂದು ಹೇಳು. ಕಟಕಟೆ ಹತ್ತಬೇಕಾದವರು ಅವರೇ, ಅರ್ಥವಾಗುತ್ತದೆ. ಹೇಳಿಕೆ ಚಿಕ್ಕದಾಗಲಿ, ತೊಂದರೆಯಿಲ್ಲ. ಬರೆದು ಮುಗಿದ ಮೇಲೆ ಸಾಕ್ಷಿಗೆ ಒಮ್ಮೆ ಓದಿ ಹೇಳು.

302, 420 ಅಂತ ಹಳ್ಳಿಯ ಮಕ್ಕಳಿಗೂ ಗೊತ್ತಿತ್ತು. ಹೊಸ ಕಾನೂನಿಂದ ನೀವೂ ಮೊದಲಿನಿಂದ ಓದಬೇಕಾಯಿತೇ? (ಕಿರಿಯ ವಕೀಲರು)

ಓದಿದೆ, ಸಂತೋಷದಿಂದಲೇ ಓದಿದೆ. ಕೊಲೆ ಈಗ ಭಾರತೀಯ ನ್ಯಾಯ ಸಂಹಿತೆಯ 103, ವಂಚನೆ 318(4). 2024ರ ಜುಲೈ 1ಕ್ಕಿಂತ ಮೊದಲಿನ ಕೃತ್ಯಕ್ಕೆ ಇಂಡಿಯನ್ ಪೀನಲ್ ಕೋಡೇ ಅನ್ವಯ. ಹಾಗಾಗಿ ಇನ್ನೂ ಹಲವು ವರ್ಷ ಎರಡೂ ಪುಸ್ತಕ ಮೇಜಿನ ಮೇಲಿರಬೇಕು.

ನಂಬರಿಗಿಂತ ದೊಡ್ಡ ಬದಲಾವಣೆ ಎಂದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105. ಶೋಧ, ಜಪ್ತಿಯನ್ನು ಪೂರ್ತಿ ಆಡಿಯೊ-ವಿಡಿಯೊ ಚಿತ್ರೀಕರಿಸಬೇಕು. ಕರೆದಲ್ಲೆಲ್ಲ ಬಂದು ಸಹಿ ಹಾಕುವ ಖಾಯಂ ಪಂಚರ ಕಾಲ ಇದರಿಂದ ಮುಗಿಯಲಿ ಎಂಬುದು ನನ್ನ ಆಸೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಎಂಬ ನಿಯಮವೂ ಒಳ್ಳೆಯದೇ. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಧಿ ಕೊಟ್ಟಿದ್ದಾರೆ. ತಜ್ಞರನ್ನು ನೇಮಿಸದೆ ಬರೀ ಅಧಿಸೂಚನೆ ಹೊರಡಿಸಿದರೆ ಸ್ಥಳಕ್ಕೆ ಬರುವವರು ಯಾರು?

ನನ್ನ ತಮ್ಮನ ಕೊಲೆ ಕೇಸು ನಡೆಯುತ್ತಿದೆ. ನೋಡಿದವರೇ ಕೋರ್ಟಿನಲ್ಲಿ ನೋಡಿಲ್ಲ ಅನ್ನುತ್ತಿದ್ದಾರೆ. ಠಾಣೆಯಿಂದ ಯಾರೂ ಏನೂ ತಿಳಿಸುವುದಿಲ್ಲ. ನಮಗೆ ಏನಾದರೂ ಹಕ್ಕಿದೆಯೇ? (ರೈತರು)

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ, ಅಣ್ಣಾ. ಹಕ್ಕು ಇದೆ.

ಸಾಕ್ಷಿಗಳು ತಿರುಗಿ ಬೀಳುವುದೆಲ್ಲ ಹಣಕ್ಕಲ್ಲ. ಆರೋಪಿಯ ಮನೆಯವರ ಜೊತೆ ಅದೇ ಊರಲ್ಲಿ, ಅದೇ ಕಾಲುವೆಯ ನೀರಿನಲ್ಲಿ ಬದುಕಬೇಕು. ವರ್ಷಗಟ್ಟಲೆ ಮುದ್ದತ್ತು ಬಿದ್ದಾಗ ಧೈರ್ಯ ಕರಗುತ್ತದೆ. ಪೊಲೀಸರ ಮುಂದಿನ ಹೇಳಿಕೆಗೆ ಸಹಿ ಇರುವುದಿಲ್ಲ, ಸಾಕ್ಷಿ ಕೋರ್ಟಿನಲ್ಲಿ ಬೇರೆ ಮಾತಾಡಿದಾಗ ಅದನ್ನು ವಿರೋಧಾಭಾಸ ತೋರಿಸಲು ಮಾತ್ರ ಬಳಸಬಹುದು. ಅದಕ್ಕೇ ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಪ್ರಕರಣಗಳಲ್ಲಿ, ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ದಾಖಲಿಸಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 183ರಲ್ಲಿ ಸೇರಿಸಿದ್ದಾರೆ. ಇದು ಮೊದಲೇ ಬರಬೇಕಿತ್ತು.

ಇನ್ನೂ ಸಾಕ್ಷಿ ಹೇಳಬೇಕಾದವರಿಗೆ ಬೆದರಿಕೆ ಇದ್ದರೆ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಿಸಿ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿ ದೇಶಕ್ಕೆಲ್ಲ ಅನ್ವಯಿಸಿತು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ಬೆದರಿಕೆಯ ಬಗ್ಗೆ ಪೊಲೀಸ್ ವರದಿ ತರಿಸಿ ತೀರ್ಮಾನಿಸುತ್ತದೆ. ತಿರುಗಿಬಿದ್ದ ಸಾಕ್ಷಿಯ ಮಾತೆಲ್ಲ ಕಸಕ್ಕೆ ಹೋಯಿತು ಅಂದುಕೊಳ್ಳಬೇಡಿ. ಅವನ ಮಾತಿನಲ್ಲಿ ಬೇರೆ ಸಾಕ್ಷ್ಯಕ್ಕೆ ಹೊಂದುವ ಭಾಗವನ್ನು ನ್ಯಾಯಾಲಯ ನಂಬಬಹುದು.

ನೀವು ಸರ್ಕಾರಿ ಅಭಿಯೋಜಕರಿಗೆ ನೆರವಾಗಲು ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದು, ನ್ಯಾಯಾಲಯದ ಅನುಮತಿ ಬೇಕು. ಖರ್ಚು ಭರಿಸಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಸಂತ್ರಸ್ತರ ಪರಿಹಾರವನ್ನೂ ಅಲ್ಲೇ ಕೇಳಿ. ಆರೋಪಿಯ ಜಾಮೀನು ಅರ್ಜಿ ಬಂದಾಗ ಸಂತ್ರಸ್ತರ ಮಾತನ್ನೂ ಕೇಳಬೇಕು ಎಂದು 2022ರ ಜಗಜೀತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ವೇಳೆ ಬಿಡುಗಡೆಯ ತೀರ್ಪು ಬಂದರೆ ಮೇಲ್ಮನವಿ ಹಾಕುವ ಹಕ್ಕು ಸರ್ಕಾರದ ಜೊತೆಗೆ ನಿಮಗೂ ಇದೆ.

ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಎಂದು ಈಗ ಕಾನೂನಿನಲ್ಲೇ ಇದೆ. ನಿಮ್ಮ ಕೇಸು ವಿಚಾರಣೆಯ ಹಂತದಲ್ಲಿರುವುದರಿಂದ ಮುಂದಿನ ದಿನಾಂಕವನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಮೊಬೈಲಿನಲ್ಲೇ ನೋಡಬಹುದು, ಮನೆಯ ಮಕ್ಕಳಿಂದ ತೆಗೆಸಿ. ಪ್ರತಿ ಮುದ್ದತ್ತಿಗೂ ಮನೆಯವರೊಬ್ಬರು ಹೋಗಿ ಕೂತಿರಿ. ಕುಟುಂಬ ಎದುರಿಗಿದ್ದರೆ ಸಾಕ್ಷಿಗೂ ಬಲ ಬರುತ್ತದೆ, ಅಭಿಯೋಜಕರಿಗೂ ಕೇಸು ನೆನಪಿರುತ್ತದೆ. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ನಾನು ದ್ವಿತೀಯ ಪಿಯುಸಿ. ಪಿಎಸ್‌ಐ ಆಗಬೇಕೆಂಬ ಆಸೆ. ಅಪರಾಧಶಾಸ್ತ್ರವನ್ನೇ ಓದಬೇಕೇ? (ವಿದ್ಯಾರ್ಥಿನಿ)

ನೋಡಮ್ಮ, ಪಿಎಸ್‌ಐ ಹುದ್ದೆಗೆ ಯಾವ ವಿಷಯದ ಪದವಿಯಾದರೂ ಆಗುತ್ತದೆ. ಅಪರಾಧಶಾಸ್ತ್ರದಲ್ಲಿ ನಿಜವಾಗಿ ಆಸಕ್ತಿ ಇದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅದರ ವಿಭಾಗ ಇದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಧಾರವಾಡದಲ್ಲಿದೆ. ವಿಜ್ಞಾನ ಓದುತ್ತಿದ್ದರೆ ಪ್ರಯೋಗಾಲಯದ ಕಡೆಗೂ ಯೋಚಿಸು. ಜಗತ್ತಿನ ಮೊದಲ ಬೆರಳಚ್ಚು ಬ್ಯೂರೊ 1897ರಲ್ಲಿ ಶುರುವಾದದ್ದು ನಮ್ಮ ಕಲ್ಕತ್ತಾದಲ್ಲಿ. ಅದರ ವಿಂಗಡಣೆ ಪದ್ಧತಿ ರೂಪಿಸುವುದರಲ್ಲಿ ದುಡಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಇಬ್ಬರೂ ಪೊಲೀಸ್ ಅಧಿಕಾರಿಗಳು. ಖಾಕಿ ಮತ್ತು ವಿಜ್ಞಾನ ಬೇರೆ ಬೇರೆ ಎಂದುಕೊಳ್ಳಬೇಡ.

ಓಟ, ಜಿಗಿತಕ್ಕೆ ಈಗಿನಿಂದಲೇ ಅಭ್ಯಾಸ ಇರಲಿ. ಅದರ ಜೊತೆ ಬರವಣಿಗೆ. ಪರೀಕ್ಷೆಯಲ್ಲೂ ಪ್ರಬಂಧ, ಭಾಷಾಂತರ ಕೇಳುತ್ತಾರೆ, ಕೆಲಸದಲ್ಲಂತೂ ದಿನಾ ಬರೆಯುವುದೇ. ದಿನಕ್ಕೊಂದು ಪುಟ, ನೀನು ನೋಡಿದ ಒಂದು ಜಾಗ ಅಥವಾ ಒಂದು ಘಟನೆ, ಊಹೆ ಸೇರಿಸದೆ ಬರೆ. ಮನೆಯಲ್ಲಿ ಯಾರಿಗಾದರೂ ಓದಲು ಕೊಟ್ಟು, ಅವರು ಕೇಳುವ ಪ್ರಶ್ನೆಗೆ ಆ ಪುಟದಲ್ಲೇ ಉತ್ತರ ಇದೆಯೇ ನೋಡು. ಯಾವ ಪದವಿಗೆ ಸೇರಿದೆ ಎಂದು ಆಮೇಲೆ ತಿಳಿಸು, ಓದಬೇಕಾದ ಪುಸ್ತಕಗಳ ಪಟ್ಟಿ ಕಳಿಸುತ್ತೇನೆ.